ಕೆಡವುವ ಮೊದಲು ಪಟ್ಟಿ ಎಲ್ಲಿ?

(ವರ್ತಕರು ಮತ್ತು ಗಿರಣಿ ಕಾರ್ಮಿಕರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಊರಿನ ಹಳೆಯ ಸಾರ್ವಜನಿಕ ಕಟ್ಟಡವೊಂದನ್ನು ಕೆಡವಬೇಕೋ ಉಳಿಸಬೇಕೋ ಎಂಬ ಮಾತು ಎದ್ದಾಗ ಎರಡು ಗುಂಪಿನವರ ಧ್ವನಿ ಮಾತ್ರ ಗಟ್ಟಿಯಾಗಿ ಕೇಳುತ್ತದೆ. ಒಂದು, ಇಂಜಿನಿಯರುಗಳೂ ಕಂಟ್ರಾಕ್ಟರುಗಳೂ ಸೇರಿದ ಗುಂಪು. ಅವರು ಬಿರುಕು ತೋರಿಸುತ್ತಾರೆ. ಇನ್ನೊಂದು, ಚರಿತ್ರೆ ಬಲ್ಲವರ ಗುಂಪು. ಅವರು ಕಮಾನು ತೋರಿಸುತ್ತಾರೆ. ಇಬ್ಬರ ಮಾತೂ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಆ ಕಟ್ಟಡದಲ್ಲಿ ಬೆಳಗ್ಗೆ ಬಾಗಿಲು ತೆಗೆದು ರಾತ್ರಿ ಬೀಗ ಹಾಕುವವನಿದ್ದಾನಲ್ಲ, ಅವನ ಮಾತು ಎಲ್ಲರ ಮಾತೂ ಮುಗಿದ ಮೇಲೆ, ವಕೀಲರಿಗೆ ಫೀಸು ಕೊಟ್ಟ ಮೇಲೆ, ಕೋರ್ಟಿನ ಕಾಗದದಲ್ಲಿ ಬರುತ್ತದೆ. ಈ ಸಂಜೆ ನಾವು ಆ ಮೂರನೆಯವನನ್ನು ಮುಂದಿಟ್ಟುಕೊಂಡು ಮಾತಾಡಬೇಕೆಂದು ಬಂದಿದ್ದೇವೆ.

ಉದಾಹರಣೆಗೆ ಮೈಸೂರನ್ನು ತೆಗೆದುಕೊಳ್ಳುತ್ತೇವೆ. ಮೈಸೂರಿನ ಜಗಳ ಮೈಸೂರಿನವರಿಗೆ ಸೇರಿದ್ದು, ನಮಗೇಕೆ ಎಂದು ಕೇಳಬೇಡಿ. ಮುನಿಸಿಪಾಲಿಟಿ ಇರುವ ಊರಲ್ಲೆಲ್ಲ ಅದರ ಹಳೆಯ ಮಳಿಗೆಗಳಿವೆ, ಹಳೆಯ ಮಾರ್ಕೆಟ್ ಇದೆ, ಹಳೆಯ ಟೌನ್‌ಹಾಲ್ ಇದೆ. ಇಂದು ಅಲ್ಲಿ ನಡೆದದ್ದು ನಾಳೆ ಎಲ್ಲಿ ಬೇಕಾದರೂ ನಡೆಯುತ್ತದೆ.

ಮೈಸೂರಿನ ದೇವರಾಜ ಮಾರ್ಕೆಟ್ಟನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ದಸರೆಗೆ ಹೋದವರು ಅಲ್ಲಿ ಮಲ್ಲಿಗೆ ಕೊಳ್ಳದೆ ಬಂದಿರಲಾರರು. ಒಂದು ಕಡೆ ಚಿಕ್ಕ ಗಡಿಯಾರ, ಇನ್ನೊಂದು ಕಡೆ ಧನ್ವಂತರಿ ರಸ್ತೆ, ನಡುವೆ ಉದ್ದಕ್ಕೆ ಸಾಲು ಸಾಲು ಅಂಗಡಿಗಳು. ವೀಳ್ಯದೆಲೆ, ನಂಜನಗೂಡು ರಸಬಾಳೆ, ಕುಂಕುಮದ ಗುಡ್ಡೆಗಳು, ಊದುಬತ್ತಿ, ತೆಂಗಿನಕಾಯಿ. ೧೮೮೬ರ ಸುಮಾರಿಗೆ, ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಅದು ಕಟ್ಟಡದ ರೂಪ ಪಡೆಯಿತು; ಆಮೇಲೆ ಬೆಳೆಯಿತು. ಎಂಟು ನೂರಕ್ಕೂ ಮೇಲ್ಪಟ್ಟು ಅಂಗಡಿಗಳು. ಅದಕ್ಕೆ ಸಮೀಪದಲ್ಲಿಯೇ ಲ್ಯಾನ್ಸ್‌ಡೌನ್ ಕಟ್ಟಡ. ೧೮೯೨ರಲ್ಲಿ ವೈಸರಾಯ್ ಲ್ಯಾನ್ಸ್‌ಡೌನ್ ಬಂದುಹೋದ ನೆನಪಿಗೆ ಹೆಸರಿಟ್ಟದ್ದು. ಹಳೆಯ ಪುಸ್ತಕದ ಅಂಗಡಿಗಳಿಗೆ ಅದು ಹೆಸರಾಗಿತ್ತು. ಪಠ್ಯಪುಸ್ತಕವನ್ನು ಅರ್ಧ ಬೆಲೆಗೆ ಕೊಳ್ಳಲು ಬಡ ವಿದ್ಯಾರ್ಥಿಗಳು ಹೋಗುತ್ತಿದ್ದ ಜಾಗ.

ರಾಜರು ಕಟ್ಟಿದ್ದು, ಆದ್ದರಿಂದ ಕಾಪಾಡಿ ಎಂಬ ವಾದಕ್ಕೆ ನಾವು ಸೇರುವವರಲ್ಲ. ರಾಜರು ಕಟ್ಟಿಸಿದರು; ಹಣ ರೈತನ ಕಂದಾಯದ್ದು, ವರ್ತಕನ ಸುಂಕದ್ದು. ಕಲ್ಲು ಹೊತ್ತವರ ಹೆಸರು ಯಾವ ಶಿಲಾಶಾಸನದಲ್ಲೂ ಇಲ್ಲ. ವೈಸರಾಯನ ಹೆಸರಂತೂ ನಮ್ಮ ಕಣ್ಣಿಗೆ ಪವಿತ್ರವಲ್ಲ. ಆದರೂ ಆ ಎರಡು ಕಟ್ಟಡಗಳು ನೂರಾರು ಸಂಸಾರಗಳಿಗೆ ಅನ್ನ ಹಾಕಿದವು ಎಂಬ ಕಾರಣಕ್ಕೆ ಅವುಗಳ ಮೇಲೆ ನಮಗೆ ಗೌರವವಿದೆ.

ಈಗ ಜಗಳದ ವಿಷಯ. ೨೦೧೨ರ ಆಗಸ್ಟ್ ತಿಂಗಳಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಇದನ್ನು ಮರೆತು ಮಾತಾಡುವವರ ಜೊತೆ ನಮಗೆ ಮಾತಿಲ್ಲ. ಹಳೆಯದನ್ನು ಮುಟ್ಟಲೇಬಾರದು ಎನ್ನುವವರು ಮೊದಲು ಆ ನಾಲ್ಕು ಮನೆಗಳಿಗೆ ಉತ್ತರ ಹೇಳಬೇಕು. ಅನಂತರ ಅಂಗಡಿಯವರನ್ನು ಖಾಲಿ ಮಾಡಿಸಿದರು. ಕಟ್ಟಡ ವರ್ಷಗಟ್ಟಲೆ ಹಾಗೆಯೇ ನಿಂತಿತು: ಕೆಡವಲೂ ಇಲ್ಲ, ರಿಪೇರಿಯೂ ಇಲ್ಲ. ೨೦೧೬ರ ಆಗಸ್ಟ್‌ನಲ್ಲಿ ದೇವರಾಜ ಮಾರ್ಕೆಟ್ಟಿನ ಧನ್ವಂತರಿ ರಸ್ತೆಯ ಕಡೆಯ ಹೆಬ್ಬಾಗಿಲು ಬಿತ್ತು. ಪುಣ್ಯಕ್ಕೆ ಜೀವ ಹೋಗಲಿಲ್ಲ. ವಿಚಿತ್ರವೆಂದರೆ, ಆಗ ಅಲ್ಲಿ ದುರಸ್ತಿಯ ಕೆಲಸ ನಡೆಯುತ್ತಿತ್ತು.

ಅಲ್ಲಿಂದ ಮುಂದೆ ಸಮಿತಿಗಳ ಕಾಲ. ಪರಂಪರೆಯ ತಜ್ಞರು ರಿಪೇರಿ ಸಾಧ್ಯ ಎಂದರು. ಸರ್ಕಾರದ ಕಡೆಯ ತಜ್ಞರು ಸಾಧ್ಯವಿಲ್ಲ, ಕೆಡವಿ ಅದೇ ನಮೂನೆಯಲ್ಲಿ ಹೊಸದಾಗಿ ಕಟ್ಟಿ ಎಂದರು. ಕಾರ್ಪೊರೇಷನ್ ಕೆಡವುವ ಪಕ್ಷಕ್ಕೆ ನಿಂತಿತು. ಬಾಡಿಗೆದಾರರೂ ಪರಂಪರೆಯ ಅಭಿಮಾನಿಗಳೂ ಹೈಕೋರ್ಟಿಗೆ ಹೋದರು. ಏಳು ವರ್ಷ ಕಳೆದು, ೨೦೨೩ರ ಆಗಸ್ಟ್‌ನಲ್ಲಿ ಹೈಕೋರ್ಟು ಅರ್ಜಿಗಳನ್ನು ತಳ್ಳಿಹಾಕಿ ಕೆಡವಿ ಕಟ್ಟುವ ತೀರ್ಮಾನಕ್ಕೆ ದಾರಿ ಬಿಟ್ಟಿತು.

ಗೋಡೆಯ ಬಲ ಎಷ್ಟು, ತೊಲೆಯ ಬಲ ಎಷ್ಟು ಎಂಬುದು ಅಳೆದು ಹೇಳಬೇಕಾದ ಮಾತು. ಕೈ ಎತ್ತಿಸಿ ತೀರ್ಮಾನಿಸುವ ಮಾತಲ್ಲ. ಆದ್ದರಿಂದ ಕಟ್ಟಡ ನಿಲ್ಲುತ್ತದೋ ಇಲ್ಲವೋ ಎಂದು ಈ ವೇದಿಕೆಯಿಂದ ನಾವು ತೀರ್ಪು ಕೊಡಹೊರಟಿಲ್ಲ. ನಾವು ಕೇಳುವುದು ಬೇರೆ. ಕಟ್ಟಡ ಈ ಸ್ಥಿತಿಗೆ ಬಂದದ್ದು ಹೇಗೆ? ಕೆಡವಿದ ಮೇಲೆ ಅಲ್ಲಿ ಕೂತಿದ್ದವನು ಎಲ್ಲಿಗೆ ಹೋಗುತ್ತಾನೆ?

ಮೊದಲನೆಯದನ್ನು ನೋಡೋಣ. ಗಾರೆಯ ಕಟ್ಟಡ ವಯಸ್ಸಾಯಿತೆಂದು ಸಾಯುವುದಿಲ್ಲ. ನಮ್ಮ ದೇವಸ್ಥಾನಗಳು, ಮಸೀದಿಗಳು, ಹಳ್ಳಿಯ ತೊಟ್ಟಿಮನೆಗಳು ಇದಕ್ಕೆ ಸಾಕ್ಷಿ. ಗಾರೆಗೆ ಶತ್ರು ನೀರು. ತಾರಸಿಯ ಮೇಲೆ ಮಳೆನೀರು ಹೋಗುವ ದೋಣಿ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ. ನಿಂತ ನೀರು ಗೋಡೆಗೆ ಇಳಿಯುತ್ತದೆ. ತೊಲೆಯ ತುದಿ ಗೋಡೆಯೊಳಗೆ ಸೇರುವ ಕಡೆ ಮರ ಕೊಳೆಯುತ್ತದೆ. ಹಕ್ಕಿ ಹಾಕಿದ ಅರಳಿ ಬೀಜ ಬಿರುಕಿನಲ್ಲಿ ಮೊಳೆಯುತ್ತದೆ. ಬೆರಳು ಗಾತ್ರ ಇದ್ದಾಗ ಕಿತ್ತರೆ ಒಬ್ಬ ಆಳಿನ ಅರ್ಧ ದಿನದ ಕೆಲಸ. ತೋಳಿನ ಗಾತ್ರ ಆದಾಗ ಅದು ಇಂಜಿನಿಯರರ ಎಸ್ಟಿಮೇಟು. ಇದಕ್ಕೆ ಮೇಲಾಗಿ, ಒಡೆದ ಗಾರೆಯ ಮೇಲೆ ಸಿಮೆಂಟು ಮೆತ್ತುತ್ತಾರೆ. ಗಾರೆಯ ಗೋಡೆ ಹೀರಿದ ತೇವವನ್ನು ಹೊರಗೆ ಬಿಡಬೇಕು. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ. ಹೊರಗೆ ನುಣ್ಣಗೆ ಕಾಣುತ್ತದೆ, ಒಳಗೆ ಇಟ್ಟಿಗೆ ಪುಡಿಯಾಗುತ್ತದೆ. ಗಾರೆ ಕೆಲಸ ಬಲ್ಲ ಯಾವ ಮುದುಕರನ್ನು ಕೇಳಿದರೂ ಈ ಮಾತು ಹೇಳುತ್ತಾರೆ. ಆದರೆ ಟೆಂಡರು ಅವರಿಗೆ ಸಿಗುವುದಿಲ್ಲ.

ದುರಸ್ತಿ ಏಕೆ ಆಗಲಿಲ್ಲ ಎಂದರೆ, ಬಾಡಿಗೆ ಸಾಲದು ಎಂಬ ಉತ್ತರ ಸಿದ್ಧವಾಗಿರುತ್ತದೆ. ಮುನಿಸಿಪಾಲಿಟಿಯ ಮಳಿಗೆಯ ಬಾಡಿಗೆ ಪೇಟೆಯ ಬಾಡಿಗೆಗಿಂತ ಕಡಿಮೆ ಎಂಬುದು ಎಲ್ಲ ಊರಲ್ಲೂ ಸತ್ಯ. ಬಾಡಿಗೆ ಕಡಿಮೆ, ಆದ್ದರಿಂದ ರಿಪೇರಿ ಮಾಡುವುದಿಲ್ಲ ಎಂದು ಕಚೇರಿಯವರು. ರಿಪೇರಿ ಮಾಡುವುದಿಲ್ಲ, ಆದ್ದರಿಂದ ಬಾಡಿಗೆ ಏರಿಸಲು ಬಿಡುವುದಿಲ್ಲ ಎಂದು ಅಂಗಡಿಯವರು. ಹೀಗೆ ಇಪ್ಪತ್ತು ಮೂವತ್ತು ವರ್ಷ ಕಳೆದರೆ ತಾರಸಿ ಯಾರ ವಾದಕ್ಕೂ ಕಾಯದೆ ಇಳಿದುಬಿಡುತ್ತದೆ.

ಇಲ್ಲಿ ವರ್ತಕ ಬಂಧುಗಳಿಗೆ ಒಂದು ಕಹಿ ಮಾತು ಹೇಳಬೇಕಾಗಿದೆ, ಬೇಸರಪಡಬಾರದು. ಮಳಿಗೆ ಒಬ್ಬರ ಹೆಸರಿನಲ್ಲಿ, ಅಂಗಡಿ ಇನ್ನೊಬ್ಬರದು. ಕಚೇರಿಗೆ ಕಟ್ಟುವುದು ನೂರಾದರೆ ಒಳಬಾಡಿಗೆ ವಸೂಲು ಮಾಡುವುದು ಸಾವಿರ. ಇಂಥದ್ದು ನಮ್ಮ ಪೇಟೆಗಳಲ್ಲಿ ನಡೆಯುತ್ತಲೇ ಇಲ್ಲ ಎನ್ನುವ ಧೈರ್ಯ ನಿಮ್ಮಲ್ಲಿ ಯಾರಿಗಿದೆ? ಕೆಡವುವ ದಿನ ಬಂದಾಗ ಬಡ ವರ್ತಕನ ಹೆಸರಿನಲ್ಲಿ ಕೂಗುವವರಲ್ಲಿ ಈ ಒಳಬಾಡಿಗೆಯ ಯಜಮಾನರೂ ಇರುತ್ತಾರೆ. ಅಧಿಕಾರಿಗೆ ಅದು ಗೊತ್ತು. ಅದನ್ನೇ ಹಿಡಿದು ಎಲ್ಲರ ಬಾಯಿಯನ್ನೂ ಮುಚ್ಚಿಸುತ್ತಾನೆ. ನಮ್ಮ ಬಾಯಿ ಗಟ್ಟಿಯಾಗಿರಬೇಕಾದರೆ ನಮ್ಮ ಲೆಕ್ಕ ಚೊಕ್ಕಟವಾಗಿರಬೇಕು.

ಕೆಡವಿದ ಮೇಲೆ ಕೂತವನು ಎಲ್ಲಿಗೆ ಹೋಗುತ್ತಾನೆ ಎಂಬುದಕ್ಕೆ ಬರೋಣ. ಖಾಸಗಿ ಮನೆಯ ಬಾಡಿಗೆದಾರನಿಗೆ ಬಾಡಿಗೆ ಕಾನೂನಿನ ಆಸರೆ ಒಂದಿಷ್ಟಾದರೂ ಉಂಟು. ೧೯೯೯ರ ಕರ್ನಾಟಕ ಬಾಡಿಗೆ ಕಾಯ್ದೆ ಸರ್ಕಾರದ ಹಾಗೂ ಸ್ಥಳೀಯ ಸಂಸ್ಥೆಗಳ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ಅದರ ಬದಲು ೧೯೭೪ರ ಸಾರ್ವಜನಿಕ ಆವರಣಗಳ ಕಾಯ್ದೆ ಇದೆ: ಅವಧಿ ಮುಗಿದವನು ಅನಧಿಕೃತನಾಗುತ್ತಾನೆ, ನೋಟೀಸು ಕೊಟ್ಟು ಒಕ್ಕಲೆಬ್ಬಿಸಬಹುದು. ಅಪ್ಪನ ಕಾಲದಿಂದ ಕೂತಿದ್ದೇವೆ ಎಂಬ ಮಾತಿಗೆ ಆ ಕಾಯ್ದೆಯಲ್ಲಿ ಬೆಲೆ ಇಲ್ಲ. ಕರಾರು ಪತ್ರ ನವೀಕರಣವಾಗದೆ, ಬರೀ ಬಾಡಿಗೆ ರಶೀದಿಯ ಮೇಲೆ ಅಂಗಡಿ ನಡೆಸುತ್ತಿರುವವರು ಈ ಸಭೆಯಲ್ಲೇ ಇದ್ದೀರಿ. ನಾಳೆ ಮುಂಜಾನೆಯೇ ಹೋಗಿ ಕಾಗದ ನೋಡಿಕೊಳ್ಳಿ.

ಹೊಸ ಕಟ್ಟಡ ಆದ ಮೇಲೆ ನಿಮಗೇ ಕೊಡುತ್ತೇವೆ ಎಂದು ಬಾಯಿಮಾತಿನಲ್ಲಿ ಹೇಳುತ್ತಾರೆ. ಯಾವಾಗ ಆಗುತ್ತದೆ? ಮೈಸೂರಿನ ಟೌನ್‌ಹಾಲಿನ ಕಡೆ ನೋಡಿ. ೧೮೮೧ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ ದಿವಾನ್ ರಂಗಾಚಾರ್ಲು ೧೮೮೩ರಲ್ಲಿ ತೀರಿಕೊಂಡರು. ಅವರ ಸ್ಮಾರಕವಾಗಿ ೧೮೮೪ರಲ್ಲಿ ಎದ್ದ ಭವನ ಅದು. ಅದರ ಅಂಗಳದಲ್ಲಿ ಕಾರು ನಿಲ್ಲಿಸಲು ನೆಲಮಾಳಿಗೆ ಕಟ್ಟುತ್ತೇವೆಂದು ಕೆಲಸ ತೊಡಗಿದರು. ಹತ್ತು ವರ್ಷ ದಾಟಿದರೂ ಅದು ಸರಿಯಾಗಿ ಬಳಕೆಗೆ ಬರಲಿಲ್ಲ. ಕಾರು ಹತ್ತು ವರ್ಷ ಕಾಯಬಹುದು, ಅದಕ್ಕೆ ಹಸಿವಿಲ್ಲ. ಹೂವಿನ ಅಂಗಡಿಯವನು ಹತ್ತು ದಿನ ಕಾಯಲಾರ. ತಾತ್ಕಾಲಿಕ ಶೆಡ್ಡಿಗೆ ಹೋದ ಅಂಗಡಿಗೆ ಗಿರಾಕಿ ಬರುವುದು ಅರ್ಧ. ಎರಡು ವರ್ಷ ಅಲ್ಲಿ ಕೂತವನು ಸಾಲಗಾರನಾಗುತ್ತಾನೆ. ಹೊಸ ಮಳಿಗೆ ಹರಾಜಿಗೆ ಬಂದಾಗ ಠೇವಣಿ ಕಟ್ಟಲು ಅವನ ಕೈಯಲ್ಲಿ ಹಣ ಇರುವುದಿಲ್ಲ. ಯಾರೂ ಅವನನ್ನು ಹೊರಗೆ ಹಾಕಬೇಕಾಗಿಲ್ಲ. ಅವನೇ ಹೊರಗೆ ಉಳಿಯುತ್ತಾನೆ. ಕಂಪನಿಯ ಬೋರ್ಡು ಬರುತ್ತದೆ.

ಹಾಗಾದರೆ ಉಳಿಸಿಬಿಟ್ಟರೆ ಎಲ್ಲ ಸರಿಯಾಯಿತೆ? ಅದೂ ಅಲ್ಲ. ದೂರದ ಶಿಮ್ಲಾದ ಕಥೆ ಕೇಳಿ. ೧೯೦೮ರಲ್ಲಿ ಕಟ್ಟಿದ ಅಲ್ಲಿನ ಟೌನ್‌ಹಾಲ್ ಮಾಲ್ ರೋಡಿನ ಮೇಲಿದೆ; ಮುನಿಸಿಪಾಲಿಟಿಯ ಕಚೇರಿ ಅಲ್ಲಿಯೇ ಇತ್ತು. ಅದನ್ನು ಕೆಡವಲಿಲ್ಲ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಹಣದಲ್ಲಿ ಜೀರ್ಣೋದ್ಧಾರ ಮಾಡಿದರು. ೨೦೧೮ರಲ್ಲಿ ಕೆಲಸ ಮುಗಿಯಿತು. ಕಟ್ಟಡ ಉಳಿಯಿತೆಂದು ಎಲ್ಲರೂ ಸಂತೋಷಪಟ್ಟರು. ಆಮೇಲೆ ಅದರ ಒಂದು ಭಾಗವನ್ನು ಖಾಸಗಿಯವರು ತಿಂಡಿ ಮಳಿಗೆಗಳ ಫುಡ್ ಕೋರ್ಟ್ ನಡೆಸಲು ಕೊಟ್ಟರು. ಊರಿನ ಸಭಾಭವನ ಪ್ರವಾಸಿಗಳ ಊಟದ ಮನೆಯಾಯಿತು. ೨೦೨೪ರ ಜನವರಿಯಲ್ಲಿ ಅದನ್ನು ನಿಲ್ಲಿಸಿ ಎಂದು ಹಿಮಾಚಲದ ಹೈಕೋರ್ಟು ಹೇಳಬೇಕಾಯಿತು. ಅಂದರೆ ಗೋಡೆ ಉಳಿದರೂ ಊರಿನವರ ಕೈಯಿಂದ ಕಟ್ಟಡ ಜಾರಬಹುದು. ಪರಂಪರೆಯ ಹೆಸರಿನಲ್ಲಿ ಹೋರಾಡುವ ಮಿತ್ರರು ಇದನ್ನು ಯೋಚಿಸಬೇಕು: ನೀವು ಕಮಾನು ಉಳಿಸುತ್ತೀರಿ, ಕಮಾನಿನ ಕೆಳಗೆ ಯಾರು ಕೂತಿರುತ್ತಾರೆ?

ಗಿರಣಿಯ ಸಂಗಾತಿಗಳಲ್ಲಿ ಕೆಲವರಿಗೆ ಇದು ವರ್ತಕರ ಜಗಳ ಎನಿಸುತ್ತಿರಬಹುದು. ಸಂಬಳದ ದಿನ ನಿಮ್ಮ ಮನೆಯವರು ತರಕಾರಿ ಕೊಳ್ಳುವುದು ಎಲ್ಲಿ? ತಿಂಗಳ ಕೊನೆಯಲ್ಲಿ ಕೈ ಖಾಲಿಯಾದಾಗ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಬೇಳೆ ಕೊಡುವವನು ಯಾರು? ಗಾಜಿನ ಬಾಗಿಲಿನ ಅಂಗಡಿಯಲ್ಲಿ ಸಾಲದ ಪುಸ್ತಕ ಇರುವುದಿಲ್ಲ. ಮಳಿಗೆಯ ಬಾಡಿಗೆ ಹತ್ತು ಪಟ್ಟು ಏರಿದರೆ ಅದನ್ನು ಕಟ್ಟುವವನು ಅಂಗಡಿಯವನಲ್ಲ, ಬದನೆಕಾಯಿ ಕೊಳ್ಳುವವನು. ಮತ್ತೆ, ಮಾರ್ಕೆಟ್ಟೆಂದರೆ ಅಂಗಡಿಯವರು ಮಾತ್ರವೂ ಅಲ್ಲ. ಲಾರಿಯಿಂದ ಮೂಟೆ ಇಳಿಸುವ ಹಮಾಲಿ ಇದ್ದಾನೆ. ಹೂ ಕಟ್ಟಿ ಮಾರಿಗಿಷ್ಟು ಎಂದು ಕೂಲಿ ಪಡೆಯುವ ಹೆಂಗಸರಿದ್ದಾರೆ. ಬಾಗಿಲ ಬಳಿ ಗೋಣಿಚೀಲ ಹಾಸಿ ಕೊತ್ತಂಬರಿ ಸೊಪ್ಪು ಇಟ್ಟುಕೊಂಡ ಅಜ್ಜಿ ಇದ್ದಾಳೆ. ಅಂಗಡಿ ಅಂಗಡಿಗೆ ಟೀ ಹಂಚುವ ಹುಡುಗನಿದ್ದಾನೆ. ಇವರ ಹೆಸರು ಯಾವ ರಿಜಿಸ್ಟರಿನಲ್ಲಿದೆ? ಕೋರ್ಟಿನಲ್ಲಿ ಬಾಡಿಗೆದಾರರು ಗೆದ್ದರೂ ಸೋತರೂ ಇವರು ಕಕ್ಷಿಗಾರರೇ ಅಲ್ಲ.

ಬೀದಿ ಬದಿಯ ವ್ಯಾಪಾರಿಗಳಿಗೆ ೨೦೧೪ರಲ್ಲಿ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಸಮೀಕ್ಷೆ ಮಾಡಿ ಗುರುತಿನ ಚೀಟಿ ಕೊಡಬೇಕು. ಸಮೀಕ್ಷೆ ಮುಗಿಯುವ ತನಕ ಎಬ್ಬಿಸಬಾರದು. ಊರಿನ ಮಾರಾಟ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಮೆಯಿಲ್ಲದಂತೆ ಆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ಕಾನೂನು ಒಳ್ಳೆಯದು. ಸೊಪ್ಪಿನ ಅಜ್ಜಿಗೆ ಅದನ್ನು ಯಾರಾದರೂ ಓದಿ ಹೇಳಿದ್ದಾರೆಯೆ?

ತೀರ್ಮಾನ ಮಾಡುವವರು ಯಾರು ಎಂಬುದು ಇನ್ನೊಂದು ಪ್ರಶ್ನೆ, ನಮ್ಮ ಮಟ್ಟಿಗೆ ದೊಡ್ಡ ಪ್ರಶ್ನೆ. ಹೈಕೋರ್ಟಿನ ತೀರ್ಪು ಬಂದದ್ದು ೨೦೨೩ರ ಆಗಸ್ಟಿನಲ್ಲಿ. ಅದೇ ವರ್ಷ ನವೆಂಬರಿನಲ್ಲಿ ಮೈಸೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಸಂವಿಧಾನದ ೨೪೩-ಯು ಅನುಚ್ಛೇದದ ಪ್ರಕಾರ ಅವಧಿ ಮುಗಿಯುವುದಕ್ಕೆ ಮುಂಚೆಯೇ ಹೊಸ ಚುನಾವಣೆ ಮುಗಿದಿರಬೇಕು. ಮುಗಿದಿರಲಿಲ್ಲ, ಅಧಿಕಾರಿಯೊಬ್ಬರು ಆಡಳಿತಗಾರರಾಗಿ ಕೂತರು. ಬೆಂಗಳೂರಿನಲ್ಲಿಯೂ ೨೦೨೦ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಇದೇ ಕಥೆ. ಕೌನ್ಸಿಲರು ಇದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ನಾವು ಹೇಳುವುದಿಲ್ಲ. ಕೌನ್ಸಿಲರುಗಳನ್ನು ನಾವೂ ನೋಡಿದ್ದೇವೆ. ಆದರೆ ಕೌನ್ಸಿಲರಿನ ಮನೆ ಬಾಗಿಲಿಗೆ ರಾತ್ರಿ ಹತ್ತು ಗಂಟೆಗೆ ಹೋಗಿ ಕೂಗಬಹುದು. ವರ್ಗವಾಗಿ ಹೋಗುವ ಅಧಿಕಾರಿಯನ್ನು ಎಲ್ಲಿ ಹುಡುಕುವುದು? ರಂಗಾಚಾರ್ಲು ಅವರ ಪ್ರಜಾಪ್ರತಿನಿಧಿ ಸಭೆಗೆ ಅಧಿಕಾರವೇನೂ ಇರಲಿಲ್ಲ. ಜಮೀನುದಾರರೂ ವರ್ತಕರೂ ಕೂತು ಅಹವಾಲು ಹೇಳಿಕೊಳ್ಳುವ ಸಭೆ ಅದು. ಅಷ್ಟಾದರೂ ಇತ್ತು, ಅದೂ ರಾಜರ ಕಾಲದಲ್ಲಿ. ಪ್ರಜೆಗಳ ಕಾಲದಲ್ಲಿ ಅವರ ಹೆಸರಿನ ಟೌನ್‌ಹಾಲ್ ಇರುವ ಊರು ಚುನಾಯಿತ ಸಭೆಯಿಲ್ಲದೆ ಕೂತದ್ದನ್ನು ಏನೆನ್ನಬೇಕು?

ಆದ್ದರಿಂದ ನಮ್ಮ ಮಾತು ಇಷ್ಟು. ಕೆಡವಲಿ ಅಥವಾ ರಿಪೇರಿ ಮಾಡಲಿ, ಮೊದಲ ಹಾರೆ ಬೀಳುವುದಕ್ಕೆ ಮುಂಚೆ ಒಂದು ಪಟ್ಟಿ ಗೋಡೆಯ ಮೇಲೆ ಅಂಟಬೇಕು. ಆ ದಿನ ಆ ಕಟ್ಟಡದಲ್ಲಿ ನಿಜವಾಗಿ ದುಡಿಯುತ್ತಿರುವವರ ಪಟ್ಟಿ. ಕರಾರು ಯಾರ ಹೆಸರಿನಲ್ಲಿದೆ ಎಂದಷ್ಟೇ ಅಲ್ಲ, ಅಂಗಡಿಯಲ್ಲಿ ಯಾರು ಕೂತಿದ್ದಾರೆ ಎಂದೂ ಇರಬೇಕು. ಹಮಾಲಿಗಳೂ ಹೂ ಕಟ್ಟುವವರೂ ನೆಲದ ಮೇಲೆ ಕೂತು ಮಾರುವವರೂ ಇರಬೇಕು. ತಾತ್ಕಾಲಿಕ ಜಾಗ ಯಾವುದು, ಎಷ್ಟು ತಿಂಗಳು, ಗಡುವು ದಾಟಿದರೆ ತಿಂಗಳಿಗೆ ಎಷ್ಟು ಪರಿಹಾರ, ಹೊಸ ಮಳಿಗೆಯ ಬಾಡಿಗೆ ಯಾವ ಲೆಕ್ಕದಲ್ಲಿ, ಹಳಬರಿಗೆ ಹರಾಜಿಲ್ಲದೆ ಕೊಡುತ್ತಾರೋ ಇಲ್ಲವೋ, ಇದೆಲ್ಲ ಠರಾವಿನಲ್ಲಿ ಬರೆದಿರಬೇಕು. ಬಾಯಿಮಾತಿಗೆ ನಾವು ಬೀಗದ ಕೈ ಕೊಡಬಾರದು. ಅದರ ಜೊತೆಗೆ ವರ್ತಕರೂ ಒಂದು ಮಾತು ಕೊಡಬೇಕು: ದುರಸ್ತಿಗೆಂದೇ ಬೇರೆ ಖಾತೆ ತೆರೆದು, ಲೆಕ್ಕವನ್ನು ವರ್ಷಕ್ಕೊಮ್ಮೆ ಸಭೆಯಲ್ಲಿ ಓದುವುದಾದರೆ ನ್ಯಾಯವಾದ ಬಾಡಿಗೆ ಏರಿಕೆಗೆ ಒಪ್ಪುತ್ತೇವೆ ಎಂದು. ಒಳಬಾಡಿಗೆಯ ಯಜಮಾನರಿಗೆ ಇದು ಹಿಡಿಸುವುದಿಲ್ಲ. ಹಿಡಿಸದಿರಲಿ.

ನಮ್ಮ ಊರಿನಲ್ಲಿ ಇನ್ನೂ ಯಾವ ತಾರಸಿಯೂ ಬಿದ್ದಿಲ್ಲ. ಬೀಳುವುದಕ್ಕೆ ಮುಂಚೆ ಕೇಳಬೇಕಾದ್ದನ್ನು ಕೇಳೋಣ. ಮಾಹಿತಿ ಹಕ್ಕಿನ ಕಾಯ್ದೆ ೨೦೦೫ರಿಂದ ಇದೆ. ಮೂರು ಅರ್ಜಿಗಳನ್ನು ಬರೆದು ತಂದಿದ್ದೇವೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ನೂರೈವತ್ತು ಪದ ಮೀರಬಾರದು, ಆದ್ದರಿಂದ ಮೂರು. ಒಂದರಲ್ಲಿ, ಮುನಿಸಿಪಾಲಿಟಿಯ ಮಳಿಗೆಗಳಿಂದ ಕಳೆದ ಹತ್ತು ವರ್ಷಗಳಲ್ಲಿ ಬಂದ ಬಾಡಿಗೆ ಎಷ್ಟು, ಅದರಲ್ಲಿ ದುರಸ್ತಿಗೆ ಹೋದದ್ದೆಷ್ಟು. ಎರಡನೆಯದರಲ್ಲಿ, ಆ ಕಟ್ಟಡಗಳ ಬಲವನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ, ವರದಿಯ ನಕಲು ಕೊಡಿ. ಮೂರನೆಯದರಲ್ಲಿ, ಮಾರಾಟ ಸಮಿತಿಯ ಸದಸ್ಯರ ಹೆಸರುಗಳು ಮತ್ತು ಅದು ಸಭೆ ಸೇರಿದ ದಿನಾಂಕಗಳು. ಒಂದೊಂದಕ್ಕೆ ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಗಡುವು ಮೂವತ್ತು ದಿನ. ಸಭೆ ಮುಗಿದ ಮೇಲೆ ಮೇಜಿನ ಬಳಿ ಬನ್ನಿ. ಸಹಿ ಹಾಕಲು ಒಬ್ಬ ವರ್ತಕರು, ಒಬ್ಬ ಗಿರಣಿ ಕಾರ್ಮಿಕರು, ಸೊಪ್ಪು ಮಾರುವ ತಾಯಂದಿರಲ್ಲಿ ಒಬ್ಬರು ಬೇಕು.